ಮಾತಿಲ್ಲದ ಸೀನು

ಸಿನಿಮಾದಲ್ಲಿ ನಿನಗೆ ಯಾವುದು ಇಷ್ಟ ಎಂದು ಯಾರಾದರೂ ಕೇಳಿದರೆ ಹಾಡು ಎಂದು ಹೇಳಿ ಸುಮ್ಮನಾಗುತ್ತೇನೆ. ಅದು ಹಸೀ ಸುಳ್ಳು. ನನಗೆ ಇಷ್ಟವಾಗುವುದು ಮುತ್ತು. ಅವನು ಅವಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, ತುಟಿಗೆ ತುಟಿ ಇಟ್ಟು ಕೊಡುತ್ತಾನಲ್ಲ, ಅದೇ. ನಗುವವರು ನಕ್ಕುಕೊಳ್ಳಲಿ. ಐವತ್ತರ ಹತ್ತಿರ ಬಂದಿದ್ದೇನೆ, ಕಾಲೇಜಿಗೆ ಹೋಗುವ ಮಗಳಿದ್ದಾಳೆ, ಇನ್ನು ಯಾವ ದೊಣ್ಣೆನಾಯಕನ ಅಪ್ಪಣೆ ಬೇಕು ನನಗೆ?

ಈ ಹುಚ್ಚು ಹಿಡಿಸಿದ್ದು ನಮ್ಮ ಕಸುಬು. ದೊಡ್ಡಬಳ್ಳಾಪುರದಲ್ಲಿ ನಮ್ಮದು ನಾಲ್ಕು ಪವರ್‌ಲೂಮಿನ ಮನೆ. ಮುಂದೆ ಮಗ್ಗದ ಹಾಲ್, ಹಿಂದೆ ಒಂದು ರೂಮು, ಪಕ್ಕದಲ್ಲಿ ಅಡುಗೆಮನೆ. ಅಷ್ಟೇ ನಮ್ಮ ಅರಮನೆ. ಮಗ್ಗ ಶುರುವಾದರೆ ಪಕ್ಕದಲ್ಲಿ ನಿಂತವರು ಕಿರುಚಿದರೂ ಕೇಳುವುದಿಲ್ಲ. ಆದರೂ ಹಾಲ್‌ನ ಗೋಡೆಗೆ ಟಿವಿ ಹಾಕಿಸಿದ್ದೇವೆ. ದಿನವಿಡೀ ನಿಂತು ಕೆಲಸ ಮಾಡುವವರಿಗೆ ಕಣ್ಣಿಗಾದರೂ ಏನಾದರೂ ಬೇಡವೇ? ಮಾತು ಕೇಳದ ಸಿನಿಮಾದಲ್ಲಿ ಯಾರು ಯಾರಿಗೆ ಮೋಸ ಮಾಡಿದರು, ಯಾರು ಯಾರ ತಮ್ಮ, ಒಂದೂ ತಿಳಿಯದು. ಮುತ್ತಿನ ಸೀನು ಬಂದಾಗ ಮಾತ್ರ ನಮಗೇನೂ ನಷ್ಟವಿಲ್ಲ. ಅಲ್ಲಿ ಯಾರೂ ಮಾತಾಡುವುದಿಲ್ಲ. ಸೋಫಾದ ಮೇಲೆ ಕಾಲು ಚಾಚಿ ನೋಡುವವರಿಗೆ ಎಷ್ಟು ಸಿಗುತ್ತದೋ, ಮಗ್ಗದ ಮುಂದೆ ನಿಂತ ನನಗೂ ಅಷ್ಟೇ ಸಿಗುತ್ತದೆ.

ನಮ್ಮ ಹಳೆಯ ಸಿನಿಮಾಗಳ ಮೇಲೆ ನನಗೆ ಕೋಪವಿದೆ. ಎರಡು ಮುಖ ಹತ್ತಿರ ಬರುತ್ತಿದ್ದ ಹಾಗೆ ಎರಡು ಹೂವು ತೋರಿಸಿ, ಒಂದಕ್ಕೊಂದು ತಾಗಿಸಿ ಕೈತೊಳೆದುಕೊಳ್ಳುತ್ತಾರೆ. ಹೂವಿಗೇನು ಗೊತ್ತು, ಪಾಪ! ಸೀರಿಯಲ್ಲಿನವರದ್ದು ಇನ್ನೊಂದು ಕಥೆ. ಅವಳು ಕಾಲು ಜಾರಿ ಬೀಳುತ್ತಾಳೆ, ಅವನು ಹಿಡಿದುಕೊಳ್ಳುತ್ತಾನೆ, ಕಣ್ಣಲ್ಲಿ ಕಣ್ಣಿಟ್ಟು ನಿಲ್ಲುತ್ತಾರೆ, ಜಾಹೀರಾತು ಬಂದು ಹೋದರೂ ನಿಂತೇ ಇರುತ್ತಾರೆ, ತುಟಿ ಮಾತ್ರ ತಾಗುವುದಿಲ್ಲ. ನನ್ನ ಮಗಳು ಗಾನವಿ ಮೊಬೈಲಿನಲ್ಲಿ ಕೊರಿಯಾದವರ ಸೀರಿಯಲ್ ತೋರಿಸಿದಳು. ಅವರೂ ಬೇಕಾದಷ್ಟು ಸತಾಯಿಸುತ್ತಾರೆ, ಆದರೆ ಕೊನೆಗೆ ಕೊಡುತ್ತಾರೆ, ಮನುಷ್ಯರ ಹಾಗೆ. ಎಲ್ಲಕ್ಕಿಂತ ನನಗೆ ಹಿಡಿಸಿದ್ದು ಒಂದು ಮಲಯಾಳಂ ಸಿನಿಮಾದ ಮುತ್ತು. ಹೆಸರು ಗೊತ್ತಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಗಂಡ ಹೆಂಡತಿ. ಅವರೇನು ಹರೆಯದವರಲ್ಲ, ಅವನಿಗೆ ತಲೆ ನರೆತಿದೆ. ಕೈಯಲ್ಲಿ ಟಿಫನ್ ಕ್ಯಾರಿಯರ್. ಅದನ್ನು ಕೆಳಗಿಡುವಷ್ಟೂ ವ್ಯವಧಾನವಿಲ್ಲದೆ ಅವಳಿಗೆ ಮುತ್ತು ಕೊಡುತ್ತಾನೆ. ಕ್ಯಾರಿಯರ್ ಓರೆಯಾಗಿ ಸಾರು ಪ್ಯಾಂಟಿನ ಮೇಲೆಲ್ಲ ಇಳಿಯುತ್ತಿದೆ, ಇಬ್ಬರಿಗೂ ಖಬರಿಲ್ಲ. ಅದನ್ನು ನೋಡಿ ನನಗೆ ಅಳು ಬಂದುಬಿಟ್ಟಿತ್ತು.

ಹೀಗೆ ಒಂದು ಮುತ್ತನ್ನು ಪೂರ್ತಿ ನೋಡಲು ಸಿಗುವುದೇ ನಮ್ಮ ಮನೆಯಲ್ಲಿ ಅಪರೂಪ. ನಮ್ಮ ಮಾವ ಕೋದಂಡರಾಮಯ್ಯನವರು ಎಂಬತ್ತು ದಾಟಿದವರು, ಬಾಗಿಲ ಪಕ್ಕದ ಕುರ್ಚಿಯಲ್ಲಿ ರಿಮೋಟ್ ಹಿಡಿದು ಕೂರುತ್ತಾರೆ. ತೆರೆಯ ಮೇಲೆ ಮುಖಕ್ಕೆ ಮುಖ ಹತ್ತಿರ ಬಂದರೆ ಸಾಕು, ಚಾನೆಲ್ ಬದಲು. ಎಷ್ಟೋ ಮುತ್ತುಗಳು ನನ್ನ ಪಾಲಿಗೆ ಹವಾಮಾನ ವರದಿಯಾಗಿ ಮುಗಿದಿವೆ. ಅವರು ಊಟಕ್ಕೆ ಎದ್ದು ಹೋದಾಗ ಕಂಡದ್ದೇ ನನಗೆ ಲಾಭ.

ಇನ್ನು ನಮ್ಮ ಯಜಮಾನರು. ಹೆಸರು ಯೋಗಾನಂದ. ಗಂಡನ ಹೆಸರು ಹೇಳಿದರೆ ಅವನ ಆಯಸ್ಸು ಕಡಿಮೆಯಾಗುತ್ತದೆ ಎಂದು ತೀರಿಹೋದ ನಮ್ಮತ್ತೆ ಹೇಳುತ್ತಿದ್ದರು, ಹಾಗಾಗಿ ಇನ್ನು ಮುಂದೆ ‘ಇವರು’ ಎಂದೇ ಹೇಳುತ್ತೇನೆ. ಮಗ್ಗದ ಮನೆಯವರು ಗಂಟಲಲ್ಲಿ ಮಾತಾಡುವುದಿಲ್ಲ, ತುಟಿಯಲ್ಲಿ ಮಾತಾಡುತ್ತಾರೆ. ಆ ಕಡೆಯ ಮಗ್ಗದಿಂದ ಇವರು ಸದ್ದಿಲ್ಲದೆ ತುಟಿ ಆಡಿಸಿದರೆ ಈ ಕಡೆ ನಿಂತು ನಾನು ಓದಿಕೊಳ್ಳುತ್ತೇನೆ. ಮದುವೆಯಾಗಿ ಬಂದ ಹೊಸದರಲ್ಲಿ ಇವರ ತುಟಿ ನೋಡಿ ನೋಡಿಯೇ ಕಲಿತೆ. ಆ ಮಾತಿನಲ್ಲಿ ಇವರಿಗೆ ನಾನು ‘ನೀನು’, ನನಗೂ ಇವರು ‘ನೀನು’. ಕರೆಂಟ್ ಹೋಗಿ ಮಗ್ಗ ನಿಂತಿತೋ, ಆ ಕ್ಷಣವೇ ‘ನೀವು’, ‘ರೀ’. ಮಾವನವರು ಅಲ್ಲೇ ಕೂತಿರುವಾಗಲೇ ಗಂಡನನ್ನು ‘ಲೋ ಕಳ್ಳಾ’ ಎಂದು ಬೈದಿದ್ದೇನೆ. ಅವರೂ ಮಗ್ಗದವರೇ, ಓದಿಬಿಡುತ್ತಾರೆ, ಅದಕ್ಕೆ ಅವರಿಗೆ ಬೆನ್ನು ಹಾಕಿ ನಿಂತುಕೊಳ್ಳುತ್ತಿದ್ದೆ.

ಇಷ್ಟೆಲ್ಲ ಸಲುಗೆ ಇದ್ದರೂ ಬಾಯಿಗೆ ಬಾಯಿ ಇಟ್ಟು ಒಂದು ಮುತ್ತು ನಮ್ಮಿಬ್ಬರ ನಡುವೆ ಆಗಿರಲಿಲ್ಲ. ಎಂಜಲು. ನಮ್ಮದು ಲೋಟ ತುಟಿಗೆ ತಾಗಿಸದೆ ಎತ್ತಿ ಕುಡಿಯುವ ಮನೆ, ಒಬ್ಬರು ಕಚ್ಚಿದ್ದನ್ನು ಇನ್ನೊಬ್ಬರು ಮುಟ್ಟದ ಮನೆ. ಹಣೆಗೆ, ಕೆನ್ನೆಗೆ ಆಗಿದೆ, ಇಲ್ಲವೆನ್ನುವುದಿಲ್ಲ, ಮಗಳೇನು ಸಂತೆಯಿಂದ ಬಂದಳೇ? ಒಂದು ಸಲ ನಾನೇ ಮುಂದಾದಾಗ ಇವರು “ಥೂ, ಎಂಜ್ಲು ಕಣೇ” ಎಂದು ನಕ್ಕು ಕೆನ್ನೆ ಕೊಟ್ಟರು. ಆಮೇಲೆ ಆ ಹಾಳು ಗುಟ್ಕಾ ಬೇರೆ ಸೇರಿಕೊಂಡಿತು. ರಾತ್ರಿ ಪಾಳಿಯಲ್ಲಿ ನಿದ್ದೆ ಬಾರದಿರಲಿ ಎಂದು ಬಾಯಿಗೆ ಹಾಕಿದ್ದು, ಬಿಡಲೇ ಇಲ್ಲ. ನಾನು ಬೈಯುವುದು, ಇವರು ಹೊರಗೆ ಹೋಗಿ ಉಗಿದು ಬರುವುದು, ಹೀಗೇ ವರ್ಷಗಳು ಹೋದವು.

ಹೋದ ದೀಪಾವಳಿಯ ಹೊತ್ತಿಗೆ ಇವರ ಕೆಳತುಟಿಯ ಒಳಗೆ ಒಂದು ಹುಣ್ಣು ಕಂಡಿತು. ಉಷ್ಣ ಎಂದು ಎಳನೀರು ಕುಡಿದರು, ಜೇನುತುಪ್ಪ ಸವರಿದರು. ಸಂಕ್ರಾಂತಿ ಕಳೆದರೂ ವಾಸಿಯಾಗಲಿಲ್ಲ. ಸಾರು ತಗುಲಿದರೆ ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಗಾನವಿ ಹಟ ಹಿಡಿದು ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದಳು. ತುಣುಕು ತೆಗೆದು ಪರೀಕ್ಷೆಗೆ ಕಳಿಸಿದರು, ಸ್ಕ್ಯಾನ್ ಮಾಡಿದರು. ಕೊನೆಗೆ ಲೇಡಿ ಡಾಕ್ಟರು ನಮ್ಮನ್ನು ಕೂರಿಸಿಕೊಂಡು ನಿಧಾನವಾಗಿ ಹೇಳಿದರು.

“ಕ್ಯಾನ್ಸರ್ ಇದೆ. ಕೆಳತುಟಿ ಪೂರ್ತಿ ತೆಗೀಬೇಕಾಗುತ್ತೆ, ದವಡೆದೂ ಸ್ವಲ್ಪ ಭಾಗ. ತೊಡೆಯಿಂದ ಚರ್ಮ ತಗೊಂಡು ಅಲ್ಲಿ ಕೂರಿಸ್ತೀವಿ. ಈಗಲೇ ಮಾಡಿಸ್ಕೊಂಡ್ರೆ ಬದುಕ್ತಾರೆ.”

ಬದುಕ್ತಾರೆ ಎಂಬುದೊಂದೇ ನನ್ನ ಕಿವಿಗೆ ಬಿದ್ದದ್ದು. ಇವರಿಗೆ ಬಿದ್ದದ್ದು ಬೇರೆ. ಮನೆಗೆ ಬಂದವರೇ ಆಪರೇಷನ್ ಬೇಡವೆಂದು ಕೂತುಬಿಟ್ಟರು. ಮಾವನವರು ಹೇಳಿದರು, ಗಾನವಿ ಅತ್ತಳು, ಊಹೂಂ. ಮಾರನೆಯ ದಿನ ಮಗ್ಗ ಓಡುತ್ತಿರುವಾಗ ಆ ಕಡೆಯಿಂದ ಇವರ ತುಟಿ ಆಡಿತು.

‘ತುಟಿ ಹೋದ್ರೆ ನಿನ್ ಹತ್ರ ಹೆಂಗೆ ಮಾತಾಡ್ಲಿ?’

‘ನಂಗೆ ನೀನ್ ಬೇಕು ಕಣೋ,’ ಎಂದೆ. ‘ಮಾತು ಆಮೇಲೆ ನೋಡ್ಕೊಳಣ.’

ಇವರು ತಲೆ ತಗ್ಗಿಸಿ ಎಳೆ ಕಟ್ಟುತ್ತಿದ್ದರು. ನಾನು ಕೈಬೀಸಿ ಮುಖ ಎತ್ತಿಸಿದೆ. ಮಾವನವರು ಕುರ್ಚಿಯಲ್ಲಿದ್ದರು, ಅವರಿಗೆ ಬೆನ್ನು ಹಾಕಿದೆ. ‘ಆದ್ರೆ ಅದು ಹೋಗೋ ಮುಂಚೆ ನಂಗೊಂದು ಮುತ್ತು ಕೊಡು. ಸಿನಿಮಾದಲ್ಲಿ ಕೊಡ್ತಾರಲ್ಲ, ಹಂಗೆ.’

ಇವರು ನನ್ನನ್ನೇ ನೋಡಿದರು. ಎಂಜಲು ಎನ್ನುತ್ತಾರೆ ಎಂದುಕೊಂಡೆ. ‘ಬೇಡ. ನಿಂಗೂ ಅಂಟುತ್ತೆ’ ಎಂದರು.

ಆಗ ನನಗೆ ಎಲ್ಲವೂ ಅರ್ಥವಾಯಿತು. ಇವರ ತಟ್ಟೆ, ಲೋಟ ಬೇರೆಯಾಗಿದ್ದವು. ಟವೆಲ್ಲನ್ನು ತಾವೇ ಒಗೆದು ಹಿತ್ತಲಲ್ಲಿ ಒಣಹಾಕುತ್ತಿದ್ದರು. ಗಾನವಿ ಹತ್ತಿರ ಬಂದು ಕೂತರೆ ದೂರ ಸರಿಯುತ್ತಿದ್ದರು. ಯಾರೋ ಹೇಳಿದ್ದನ್ನು ನಂಬಿಕೊಂಡು ಈ ಮನುಷ್ಯ ಒಳಗೊಳಗೇ ಹೊರಗಿನವರಾಗಿ ಹೋಗಿದ್ದರು. ನನಗೆ ರೇಗಿಹೋಯಿತು. ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಡಾಕ್ಟರ ಮುಂದೆ ಕೂತು ನೇರವಾಗಿ ಕೇಳಿಯೇಬಿಟ್ಟೆ.

“ಡಾಕ್ಟ್ರೇ, ಈ ಕಾಯಿಲೆ ಮುತ್ತು ಕೊಟ್ರೆ ಅಂಟುತ್ತಾ?”

“ಅಮ್ಮಾ!” ಎಂದಳು ಗಾನವಿ. ಇವರು ಕುರ್ಚಿಯಲ್ಲೇ ಮುದುಡಿದರು. ಡಾಕ್ಟರು ನಗಲಿಲ್ಲ. ಪೆನ್ನು ಕೆಳಗಿಟ್ಟು, “ಇಲ್ಲಮ್ಮ, ಅಂಟಲ್ಲ. ನೋವಾಗದ ಹಾಗೆ ಮೆತ್ತಗೆ ಕೊಡಿ” ಎಂದರು.

“ಆಪರೇಷನ್ ಆದ್ಮೇಲೂ ಕೊಡಬೋದಾ?”

“ಕೊಡಬೋದು. ಆದ್ರೆ ಹೊಸ ಚರ್ಮಕ್ಕೆ ಸ್ಪರ್ಶ ಇರಲ್ಲ. ಅಲ್ಲಿ ಮುಟ್ಟಿದ್ರೆ ಅವರಿಗೆ ಗೊತ್ತಾಗಲ್ಲ.”

ಬರುವಾಗ ಬಸ್ಸಿನಲ್ಲಿ ಇವರು ಕಿಟಕಿಯ ಕಡೆ ಕೂತಿದ್ದರು. ಯಲಹಂಕ ದಾಟಿತು. ಆಮೇಲೆ ನನ್ನ ಕಡೆ ತಿರುಗಿ, ಸದ್ದಿಲ್ಲದೆ, ಮಗ್ಗದ ಮಾತಿನಲ್ಲಿ, ‘ಆಯ್ತು. ಆಪರೇಷನ್ನೂ ಮಾಡಿಸ್ಕೋತೀನಿ, ನಿಂಗೆ ಅದೂ ಕೊಡ್ತೀನಿ’ ಎಂದರು. ಮಗ್ಗವಿಲ್ಲದ ಜಾಗದಲ್ಲಿ ಇವರು ನನ್ನ ಹತ್ತಿರ ಆ ಮಾತಾಡಿದ್ದು ಅದೇ ಮೊದಲು. ನಾನು ಸೆರಗಿನಲ್ಲಿ ಮುಖ ಒರೆಸಿಕೊಂಡೆ. ಮುಂದಿನ ಸೀಟಿನ ಹೆಂಗಸು ಏನೋ ಆಯಿತೆಂದು ತಿರುಗಿ ನೋಡಿದಳು.

ಕೊಡುವುದೇನೋ ಸರಿ, ಎಲ್ಲಿ ಕೊಡುವುದು? ಸುದ್ದಿ ತಿಳಿದು ಬೀದಿಯವರು, ನೆಂಟರು, ಸೀರೆ ವ್ಯಾಪಾರದವರು ಎಲ್ಲ ಬರಲು ಶುರು ಮಾಡಿದರು. ಬಾಯಿ ಉರಿದು ಸಾಯುತ್ತಿರುವವನಿಗೆ ಕಿತ್ತಳೆ ಹಣ್ಣು ತಂದುಕೊಟ್ಟು, ಕಾಫಿ ಕುಡಿದು, ತಮ್ಮ ಕಡೆ ಯಾರು ಯಾರು ಇದೇ ಕಾಯಿಲೆಯಲ್ಲಿ ಹೋದರು ಎಂದು ವಿವರವಾಗಿ ಹೇಳಿ ಎದ್ದು ಹೋಗುತ್ತಿದ್ದರು. ರಾತ್ರಿಯಾದರೆ ಇರುವ ಒಂದು ರೂಮಿನಲ್ಲಿ ಮಾವನವರು, ಗಾನವಿ, ನಾವು. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅನ್ನುತ್ತಾರಲ್ಲ, ನಮ್ಮದು ಅದೇ ಕಥೆ. ಉಳಿದದ್ದು ಒಂದೇ ಜಾಗ, ಕೊನೆಯ ಮಗ್ಗಕ್ಕೂ ಗೋಡೆಗೂ ನಡುವಿನ ಸಂದಿ. ನಾಲ್ಕೂ ಮಗ್ಗ ಓಡುತ್ತಿದ್ದರೆ ಆ ಸದ್ದಿಗೆ ಹೊರಗಿನವರು ಯಾರೂ ಒಳಗೆ ಕಾಲಿಡುವುದಿಲ್ಲ. ಮಾವನವರ ಕುರ್ಚಿಯಿಂದಲೂ ಅದು ಕಾಣದು. ಆದರೆ ಕರೆಂಟೇ ಇಲ್ಲ! ಏನೋ ಲೈನಿನ ಕೆಲಸವಂತೆ, ಮಗ್ಗ ಓಡಿಸುವ ಹೊತ್ತೆಲ್ಲ ತೆಗೆದುಬಿಡುತ್ತಿದ್ದರು. ಮಗ್ಗ ನಿಂತ ಮನೆಯಲ್ಲಿ ಬಳೆ ಸದ್ದೂ ಎಲ್ಲರಿಗೂ ಕೇಳುತ್ತದೆ.

ಆಸ್ಪತ್ರೆಗೆ ಸೇರಬೇಕಾದ ದಿನ ಬೆಳಿಗ್ಗೆ ಕರೆಂಟ್ ಬಂತು. ಇವರು ಅಷ್ಟರಲ್ಲಾಗಲೇ ಎದ್ದು ಉಪ್ಪುನೀರಿನಲ್ಲಿ ಮತ್ತೆ ಮತ್ತೆ ಬಾಯಿ ಮುಕ್ಕಳಿಸಿದ್ದರು. ಲವಂಗ ಬಾಯಿಗೆ ಹಾಕಿಕೊಂಡು, ಉರಿ ತಾಳದೆ ಉಗಿದರು. ಮದುವೆಮನೆಗಳಿಗೆ ಹಾಕುವ ಬಿಳಿ ಶರಟು ಹಾಕಿ, ತಲೆಗೆ ನೀರು ಮುಟ್ಟಿಸಿ ಬಾಚಿಕೊಂಡರು. ನೋಡಿ ನನಗೆ ನಗು ಬಂತು, ಅದರ ಹಿಂದೆಯೇ ಸಂಕಟವಾಯಿತು. ನಾನು ಕನಕಾಂಬರ ಮುಡಿದೆ.

“ಆಸ್ಪತ್ರೆಗೆ ಹೂವ ಯಾಕಮ್ಮ?” ಎಂದಳು ಗಾನವಿ.

“ನನ್ ಗಂಡ ಗಟ್ಟಿಯಾಗಿದಾನೆ, ಮುಡ್ಕೋತೀನಿ. ನಿಂಗೇನು?” ಎಂದೆ.

ಮಗ್ಗದ ಸ್ವಿಚ್ಚಿಗೆ ಕೈ ಹಾಕಿದೆ. ಮಾವನವರು ಕುರ್ಚಿಯಿಂದ ಕೂಗಿದರು. “ಆಟೋ ಬರೋ ಹೊತ್ನಲ್ಲಿ ಯಾಕಮ್ಮ ಮಗ್ಗ ಹಾಕ್ತೀಯಾ?”

“ಒಂದು ಸೀರೆ ಮುಗೀತಾ ಬಂದಿದೆ, ಮುಗಿಸ್ಬಿಡ್ತೀವಿ ಮಾವ,” ಎಂದು ಕೂಗಿ ಹೇಳಿ, ನಾಲ್ಕೂ ಮಗ್ಗ ಶುರು ಮಾಡಿ, ಕೊನೆಯ ಮಗ್ಗದ ಹಿಂದೆ ಹೋಗಿ ನಿಂತೆ. ಇವರು ಎಣ್ಣೆ ಡಬ್ಬಿ ಹುಡುಕುವವರ ಹಾಗೆ ಅತ್ತ ಇತ್ತ ನೋಡುತ್ತ ಬಂದರು. ನನ್ನ ಗಂಡನೇ ಕದ್ದು ಬರುವ ಹಾಗೆ ಬಂದದ್ದು ಕಂಡು ನನ್ನ ಎದೆ ಹರೆಯದ ಹುಡುಗಿಯ ಎದೆಯ ಹಾಗೆ ಹೊಡೆದುಕೊಂಡಿತು. ‘ಬಾರೋ,’ ಎಂದೆ.

ಇವರು ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದರು. ಎಲ್ಲಿ ನೋಡಿದ್ದರೋ, ಥೇಟು ಸಿನಿಮಾದವರ ಹಾಗೆಯೇ. ಅಷ್ಟು ಹತ್ತಿರದಿಂದ ಆ ತುಟಿಯನ್ನು ನಾನು ಕಂಡಿರಲೇ ಇಲ್ಲ. ಒಣಗಿ, ಒಂದು ಕಡೆ ಬಿರಿದು, ಬಾತುಕೊಂಡಿತ್ತು. ನನ್ನ ಜೊತೆ ಇಷ್ಟು ವರ್ಷ ಮಾತಾಡಿದ ತುಟಿ ಅದು. ಲವಂಗದ ವಾಸನೆ ಬಂತು. ನಾನು ಕಣ್ಣು ಮುಚ್ಚಿದೆ.

ಆಗ ಮೂರನೆಯ ಮಗ್ಗದ ಸದ್ದು ಬದಲಾಯಿತು. ಲಾಳಿ ಈ ತುದಿಯಿಂದ ಆ ತುದಿಗೆ ಓಡದೆ ನಡುವೆ ಸಿಕ್ಕಿಹಾಕಿಕೊಂಡರೆ ಹಾಗಾಗುತ್ತದೆ. ತಕ್ಷಣ ನಿಲ್ಲಿಸದಿದ್ದರೆ ಮಗ್ಗ ಲಾಳಿಯ ಮೇಲೆಯೇ ಹೊಡೆದು ನೂರಾರು ಎಳೆ ಕಿತ್ತುಹೋಗುತ್ತವೆ, ಒಂದೊಂದನ್ನೂ ಹುಡುಕಿ ಕಟ್ಟಲು ದಿನವೆಲ್ಲ ಬೇಕು. ಆ ಸದ್ದು ನನಗೂ ಕೇಳಿತು. ದೇವರಾಣೆಗೂ ಕೇಳಿತು, ಆದರೆ ನಾನು ಕಣ್ಣು ಬಿಡಲಿಲ್ಲ. ಹಾಳಾಗಿಹೋಗಲಿ ಎಂದುಕೊಂಡು ಮುಖ ಎತ್ತಿಕೊಂಡೇ ನಿಂತೆ.

ನನ್ನ ಕೆನ್ನೆಯ ಮೇಲಿನ ಕೈಗಳು ಇಲ್ಲವಾದವು. ಕಣ್ಣು ಬಿಟ್ಟಾಗ ಇವರು ಮೂರನೆಯ ಮಗ್ಗದ ಹತ್ತಿರ ಇದ್ದರು. ಹಿಡಿ ಎಳೆದು ನಿಲ್ಲಿಸಿ, ಬಾಗಿ, ಕಿತ್ತುಹೋದ ಎಳೆಗಳನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು. ಮನಸ್ಸು ಮಾಡಿದ್ದಲ್ಲ ಅದು. ಮೀಸೆ ಚಿಗುರುವ ಮೊದಲೇ ಮಗ್ಗಕ್ಕೆ ನಿಂತವರು, ನಿದ್ದೆಯಲ್ಲಿ ಆ ಸದ್ದು ಕೇಳಿದರೂ ಎದ್ದು ಓಡುತ್ತಾರೆ, ಓಡಿದ ಮೇಲೆ ಎಚ್ಚರಗೊಳ್ಳುತ್ತಾರೆ. ಈಗಲೂ ಹಾಗೇ ಆಯಿತು. ಕೈಯಲ್ಲಿ ದಾರ ಹಿಡಿದುಕೊಂಡೇ ಒಮ್ಮೆಲೇ ನನ್ನ ಕಡೆ ತಿರುಗಿದರು. ಮುಖ ಬಿಳುಚಿಹೋಗಿತ್ತು. ‘ತಪ್ಪಾಯ್ತು ಕಣೇ’ ಎಂದಿತು ತುಟಿ.

ಅಷ್ಟರಲ್ಲಿ ಮಾವನವರು ಕೋಲೂರಿಕೊಂಡು ಬಂದೇಬಿಟ್ಟರು. ಅವರದೂ ಅದೇ ಕಿವಿಯಲ್ಲವೇ? ‘ಏನಾಯ್ತೋ ಯೋಗಾ, ಲಾಳಿ ಸಿಕ್ಕೊಂತಾ?’ ಎಂದಿತು ಅವರ ತುಟಿ. ಅವರ ಹಿಂದೆ ಬ್ಯಾಗು ಹಿಡಿದ ಗಾನವಿ, ಬಾಗಿಲಲ್ಲಿ ಕಳಿಸಿಕೊಡಲು ಬಂದ ಬೀದಿಯವರು, ಹೊರಗೆ ಆಟೋ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ನಾನು ಉಳಿದ ಮಗ್ಗಗಳನ್ನೂ ನಿಲ್ಲಿಸಿ, “ಹೊರಡೋಣ ನಡೀರಿ” ಎಂದೆ.

ಆಸ್ಪತ್ರೆಯಲ್ಲಿ ಗಂಡಸರ ವಾರ್ಡಿನಲ್ಲಿ ಹೆಂಗಸರು ರಾತ್ರಿ ಉಳಿಯಬಾರದೆಂದು ನನ್ನನ್ನು ಹೊರಗೆ ಕಳಿಸಿದರು. ಬೆಳಿಗ್ಗೆ ಓಡಿ ಬರುವ ಹೊತ್ತಿಗೆ ಇವರನ್ನು ಸ್ಟ್ರೆಚರಿನಲ್ಲಿ ಮಲಗಿಸಿದ್ದರು. ಬಾಯಿಯ ಸುತ್ತ ಕಂದು ಬಣ್ಣದ ಔಷಧಿ ಬಳಿದಿದ್ದರು. ನಾನು ಬಾಗಿದೆ. ಯಾರು ಇದ್ದರೂ ಸರಿ, ಇಲ್ಲೇ ಕೊಟ್ಟುಬಿಡುತ್ತೇನೆ ಎಂದೇ ಬಾಗಿದೆ.

“ಅಮ್ಮಾ, ಮುಟ್ಟಬೇಡಿ! ಕ್ಲೀನ್ ಮಾಡಿದೀವಿ, ಇನ್ಫೆಕ್ಷನ್ ಆಗುತ್ತೆ,” ಎಂದು ನರ್ಸು ಭುಜ ಹಿಡಿದಳು. ಇನ್ಫೆಕ್ಷನ್ ಎಂದ ಮೇಲೆ ಯಾವ ಹೆಂಡತಿ ಮುಂದೆ ಹೋಗುತ್ತಾಳೆ? ಹಿಂದೆ ಸರಿದೆ. ಸ್ಟ್ರೆಚರ್ ಹೊರಟಿತು. ಇವರು ತಲೆ ಸ್ವಲ್ಪ ಎತ್ತಿ ನನ್ನನ್ನು ನೋಡಿ ತುಟಿ ಆಡಿಸಿದರು. ‘ಮೂರನೇ ಮಗ್ಗದ ಎಳೆ ಕಟ್ಟಿಸು.’

ಅಯ್ಯೋ, ನಿನ್ನ ಮಗ್ಗಕ್ಕಿಷ್ಟು ಬೆಂಕಿ ಹಾಕ! ಸಿನಿಮಾದವರಾಗಿದ್ದರೆ ಏನೇನು ಹೇಳುತ್ತಿದ್ದರು ಆ ಹೊತ್ತಿನಲ್ಲಿ! ನಾನು ಹೂಂ ಎಂದು ತಲೆ ಆಡಿಸಿದೆ. ಬಾಗಿಲು ಮುಚ್ಚಿಕೊಂಡ ಮೇಲೆ ಅಲ್ಲೇ ನೆಲದ ಮೇಲೆ ಕೂತು ಅತ್ತೆ. ಆ ತುಟಿಯಿಂದ ನಾನು ಓದಿದ ಕೊನೆಯ ಮಾತು ಅದು.

ಡಾಕ್ಟರು ಕೊಟ್ಟ ಮಾತು ಉಳಿಸಿಕೊಂಡರು, ಇವರು ಬದುಕಿದರು. ಅದಕ್ಕೆ ದಿನವೂ ಕೈ ಮುಗಿಯುತ್ತೇನೆ. ತುಟಿ ಇದ್ದ ಜಾಗದಲ್ಲಿ ಈಗ ತೊಡೆಯ ಚರ್ಮ, ದಪ್ಪಗೆ, ಬೇರೆಯದೇ ಬಣ್ಣದಲ್ಲಿ, ಸುತ್ತ ಹೊಲಿಗೆಯ ಗುರುತು. ಇವರು ಮಾತಾಡಲು ಹೋದರೆ ಬರೀ ಉಸಿರು, ನಡುವೆ ‘ಆ’, ‘ಓ’. ಮೇಲಿನ ತುಟಿ ಒಂದೇ ಏನು ತಾನೇ ಹೇಳೀತು? ಊರಿಗೆಲ್ಲ ಅರ್ಥವಾಗದ್ದು ನನಗೆ ಆಗುತ್ತದೆ ಎಂದುಕೊಂಡಿದ್ದೆ. ಒಂದಕ್ಷರವೂ ಆಗಲಿಲ್ಲ. ಒಂದು ದಿನ ನನ್ನ ಕೈ ಹಿಡಿದುಕೊಂಡು ಬಹಳ ಹೊತ್ತು ಏನೋ ಹೇಳಿದರು, ನಾನು “ನೀರಾ? ನೋವಾ? ಫ್ಯಾನಾ?” ಎಂದು ಕೇಳಿದೆ. ಇವರು ಕೈ ಬಿಟ್ಟು ಗೋಡೆಯ ಕಡೆ ತಿರುಗಿಕೊಂಡರು. ಆಮೇಲೆ ಗಾನವಿ ಒಂದು ಸ್ಲೇಟು ತಂದುಕೊಟ್ಟಳು. ಅದರ ಮೇಲೆ ‘ನೀರು’, ‘ದಿಂಬು’, ‘ಸಾಕು’ ಎಂದು ಬರೆಯುತ್ತಾರೆ. ಅದಕ್ಕಿಂತ ಉದ್ದ ಬರೆಯುವುದಿಲ್ಲ.

ಬಾಯಿಂದ ಜೊಲ್ಲು ಇಳಿಯುವುದೂ ಇವರಿಗೆ ತಿಳಿಯುವುದಿಲ್ಲ. ಹೆಗಲ ಮೇಲೆ ಯಾವಾಗಲೂ ಒಂದು ಟವೆಲ್ಲು. ನಾನು ಹತ್ತಿರ ಹೋದರೆ ಕೊಡುತ್ತಾರೆ, ಒರೆಸುತ್ತೇನೆ. ದಿನಕ್ಕೆ ಎಷ್ಟು ಸಲವೋ.

ಹೋದ ವಾರ ಒಂದು ಮಧ್ಯಾಹ್ನ ರಾಗಿ ಗಂಜಿಯನ್ನು ಒಂದು ಹನಿಯೂ ಚೆಲ್ಲದೆ ತಾವೇ ಚಮಚದಲ್ಲಿ ಕುಡಿದರು. ಬಟ್ಟಲು ಖಾಲಿ ಮಾಡಿ, ಹೆಂಗೆ ಎನ್ನುವ ಹಾಗೆ ಹುಬ್ಬು ಹಾರಿಸಿ ನನ್ನನ್ನು ನೋಡಿದರು. ಆಮೇಲೆ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡರು. ಆ ಮುಖದ ಮೇಲೆ ನನಗೆ ಬಂದ ಆಸೆಯನ್ನು ಹೇಗೆ ಹೇಳಲಿ? ಮಾವನವರು ಅಲ್ಲೇ ಕೂತಿದ್ದರು, ಗಾನವಿ ಬಟ್ಟೆ ಮಡಿಸುತ್ತಿದ್ದಳು. ಇರಲಿ ಎಂದುಕೊಂಡೆ. ಇವರ ಪಕ್ಕದಲ್ಲಿ ಮಂಡಿಯೂರಿ, ಆ ಹೊಲಿದ ಜಾಗದ ಮೇಲೆ ನನ್ನ ತುಟಿ ಇಟ್ಟೆ. ಅವಸರ ಮಾಡಲಿಲ್ಲ. ಒತ್ತಿ, ಹಾಗೇ ಇದ್ದೆ. ಗಾನವಿ ಮಡಿಸುವುದನ್ನು ನಿಲ್ಲಿಸಿದ್ದು ಗೊತ್ತಾಯಿತು.

ನನ್ನ ಉಸಿರು ಇವರ ಮೂಗಿಗೆ ತಗುಲಿರಬೇಕು. ಹತ್ತಿರ ಬಂದಿದ್ದೇನೆಂದು ಗೊತ್ತಾಯಿತು, ಅಷ್ಟೇ ಗೊತ್ತಾಯಿತು. ಕಣ್ಣು ಬಿಡದೆಯೇ ಗಲ್ಲವನ್ನು ಸ್ವಲ್ಪ ಮೇಲಕ್ಕೆತ್ತಿ, ಹೆಗಲ ಮೇಲಿನ ಟವೆಲ್ಲನ್ನು ತೆಗೆದು ನನ್ನ ಕಡೆ ಚಾಚಿದರು. ನಾನು ಅದನ್ನು ತೆಗೆದುಕೊಂಡು ಒರೆಸಿದೆ.